ಎಂಟೂ ನಲವತ್ತರ ನೆರಳು

ನನ್ನನ್ನು ಬಲ್ಲವರಿಗೆ ಗೊತ್ತಿದೆ, ಇಂಥದ್ದನ್ನೆಲ್ಲ ಬರೆಯುವ ಹುಡುಗಿ ನಾನಲ್ಲ. ಪುಣೆಯ ಯೆರವಡಾದಲ್ಲಿ, ಸಾಲುಮನೆಗಳ ನಮ್ಮ ಚಾಳಿನಲ್ಲಿ, ಬೇಸಿಗೆಯ ಸಂಜೆ ಹೆಂಗಸರೆಲ್ಲ ನಲ್ಲಿಯ ಹತ್ತಿರ ಕೂತು ಯಾರಿಗೆ ಎಲ್ಲಿ ಏನು ಕಾಣಿಸಿತು ಎಂದು ಹೇಳಿಕೊಳ್ಳುತ್ತಿದ್ದಾಗ ನಡುವೆ ಬಾಯಿ ಹಾಕಿ, "ಅದರ ಕಾಲಾಗ ಚಪ್ಪಲಿ ಇದ್ದುವೇನ್ರಿ? ಯಾವ ಕಡಿಂದ ಬಂತು?" ಎಂದು ಕೇಳಿ ಕತೆ ಕೆಡಿಸುತ್ತಿದ್ದವಳು ನಾನು. ಅವ್ವ ತಲೆಗೆ ಮೊಟಕುತ್ತಿದ್ದಳು. ಕಂಡದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ ಎಂದುಕೊಂಡಿದ್ದೆ. ಈಗ ಹೇಳಹೊರಟ ಸಂಗತಿಯ ಕಾರಣ ಹುಡುಕುತ್ತ ನನಗೆ ವರ್ಷಗಳೇ ಆದವು. ಇದು ಕತ್ತಲೆಯಲ್ಲಿ ನಡೆದದ್ದೂ ಅಲ್ಲ. ಬೆಳಗಿನ ಒಳ್ಳೆಯ ಬಿಸಿಲಲ್ಲಿ, ಕೈಯಲ್ಲಿ ಕುಂಚ ಹಿಡಿದು ಕೂತಿದ್ದಾಗ ನಡೆದದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆ. ನನಗೆ ಚಿತ್ರ ಕಲಿಸಿದವರು ಯಾರೂ ಇಲ್ಲ. ಹಳೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಚೌಕ ಎಳೆದು, ಅಷ್ಟೇ ಚೌಕ ಹಾಳೆಯ ಮೇಲೂ ಎಳೆದು, ಒಂದೊಂದೇ ಚೌಕ ತುಂಬುತ್ತ ಕಲಿತದ್ದು. ಲಾರಿಗಳ ಹಿಂದಿನ ನವಿಲು, ಬೆಂಕಿಪೆಟ್ಟಿಗೆಯ ಹುಲಿ, ಬೆಟ್ಟದ ನಡುವೆ ಸೂರ್ಯ, ಪಕ್ಕದಲ್ಲೊಂದು ಗುಡಿಸಲು, ಗುಡಿಸಲಿನ ಪಕ್ಕ ತೆಂಗಿನ ಮರ. ಇಷ್ಟು ನನಗೆ ಕಣ್ಣು ಮುಚ್ಚಿಯೂ ಬರುತ್ತಿತ್ತು. ಅದೇ ದೋಷ ಎಂದು ಆಮೇಲೆ ಗೊತ್ತಾಯಿತು.

ಅಪ್ಪ ಕಲಬುರಗಿ ಕಡೆಯಿಂದ ಬಂದು ಪುಣೆಯ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತರಾದವರು. ನನಗೆ ಚಿತ್ರಕಲೆಯ ಡಿಪ್ಲೊಮಾ ಸೇರುವ ಆಸೆ, ಅವರಿಗೆ ಬಿ.ಕಾಂ. ಮಾಡಿಸುವ ಆಸೆ. ಜಗಳವೇನೂ ಆಗಲಿಲ್ಲ. ಅಪ್ಪ ಒಂದು ದಿನ ಊಟ ಮಾಡುತ್ತ ತೀರ್ಪು ಹೇಳಿಬಿಟ್ಟರು. "ನನಗ ಚಿತ್ರ ತಿಳಿಯೂದಿಲ್ಲವಾ. ತಿಳಿದವರು ಯಾರರೆ ಒಬ್ಬರು, ಈ ಹುಡುಗಿಗೆ ಕಣ್ಣು ಅದ ಅಂತ ಬರದು ಕೊಡ್ಲಿ. ಸೇರಸ್ತೀನಿ. ಇಲ್ಲಂದ್ರ ಸುಮ್ಮನ ಬಿ.ಕಾಂ. ಹಾದಿ ಹಿಡಿ."

ಹಾಗೆ ಬರೆದುಕೊಡಬಲ್ಲವರು ನಮಗೆ ಗೊತ್ತಿದ್ದದ್ದು ಒಬ್ಬರೇ, ಬಸವಂತ ಸರ್. ವಿಜಾಪುರ ಕಡೆಯವರು, ಪುಣೆಯ ಶಾಲೆಯೊಂದರಲ್ಲಿ ಚಿತ್ರದ ಮಾಸ್ತರು. ಪ್ರತಿ ಮೇ ತಿಂಗಳು ಹತ್ತು ಹನ್ನೆರಡು ಮಂದಿಯನ್ನು ಕರೆದುಕೊಂಡು ಘಟ್ಟದ ಮೇಲಿನ ಒಂದು ಹಳೆಯ ಊರಿಗೆ ಹೋಗಿ ಎರಡು ವಾರ ಅಲ್ಲೇ ಇರಿಸಿ ಕಲಿಸುತ್ತಿದ್ದರು. ಪುಣೆಯಿಂದ ಬಸ್ಸಿನಲ್ಲಿ ಎರಡು ತಾಸಿನ ಹಾದಿ. ಮೇಲೆ ಕೋಟೆ, ಕೆಳಗೆ ಸರದಾರರ ಕಾಲದ ದೊಡ್ಡ ದೊಡ್ಡ ಮನೆಗಳು, ವಾಡೆಗಳು. ಅರ್ಧ ಬಿದ್ದಿವೆ, ಅರ್ಧದಲ್ಲಿ ಜನ ಇದ್ದಾರೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಅವರ ಪಾಡಿಗೆ ಇರಲಿ. ರಜೆಯಲ್ಲಿ ಖಾಲಿ ಬಿದ್ದ ಶಾಲೆಯಲ್ಲಿ ಚಾಪೆ ಹಾಸಿ ನಮ್ಮ ವಸತಿ, ಎರಡು ಹೊತ್ತು ಕಡಲೆಹಿಟ್ಟಿನ ಪಿಠಲೆ, ಜೋಳದ ಭಾಕ್ರಿ.

ಮೊದಲ ದಿನವೇ ನನ್ನ ಮಾನ ಹೋಯಿತು. ಕೋಟೆ ಬಾಗಿಲಿನ ಚಿತ್ರ ಮಾಡಿ ಸಂಜೆ ಎಲ್ಲರೂ ಗೋಡೆಗೆ ಒರಗಿಸಿಟ್ಟಿದ್ದೆವು. ಸರ್ ನನ್ನ ಚಿತ್ರದ ಮುಂದೆ ನಿಂತು ತುಂಬಾ ಹೊತ್ತು ನೋಡಿದರು.

"ತಂಗಿ, ಈ ತೆಂಗಿನಮರ ಎಲ್ಲಿ ಅದ?"

ಆಗಲೇ ನನಗೆ ಗೊತ್ತಾದದ್ದು, ಅಲ್ಲಿ ತೆಂಗಿನ ಮರ ಇಲ್ಲ ಎಂದು. ಆ ಎತ್ತರದಲ್ಲಿ ಎಲ್ಲೂ ಇಲ್ಲ. ಮೂಲೆ ಖಾಲಿ ಅನ್ನಿಸಿತ್ತು, ಕೈ ತಾನಾಗಿ ಹಾಕಿಬಿಟ್ಟಿತ್ತು.

"ನೀ ನೋಡಂಗಿಲ್ಲ," ಅಂದರು ಸರ್, ಸಿಟ್ಟಿಲ್ಲದೆ. "ನಿನ್ನ ಕೈಗೆ ಏನು ಪಾಠ ಆಗೇದ ಅದನ್ನ ಒಪ್ಪಸ್ತಿ. ಇನ್ನ ಹನ್ನೆರಡು ದಿನ ಅದ. ಕಂಡದ್ದು ಅಷ್ಟ ಬಿಡಸೋದು ಕಲತ್ರ ನಿಮ್ಮ ಅಪ್ಪಗ ಕಾಗದ ಬರೀತೀನಿ. ಇಲ್ಲಂದ್ರ ಸುಳ್ಳ ಯಾಕ ಬರೀಲಿ?"

ಅವತ್ತಿನಿಂದ ಶಿರೂರಿನ ಸುನಂದಾ ನನಗೆ ತೆಂಗವ್ವ ಎಂದು ಹೆಸರಿಟ್ಟಳು. ಶಿಬಿರದಲ್ಲಿ ನಾವಿಬ್ಬರೇ ಕನ್ನಡದ ಹುಡುಗಿಯರು, ಚಾಪೆ ಪಕ್ಕ ಪಕ್ಕ. ಬೆಳಿಗ್ಗೆ ಏಳುತ್ತಲೇ, "ತೆಂಗವ್ವ, ಚಟ್ನಿಗೆ ಒಂದು ಕಾಯಿ ಕೆಡವು" ಅನ್ನುವಳು.

ಸರ್ ಕಲಿಸುವ ರೀತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವರ ಮೊದಲ ನಿಯಮ, ನೆರಳು ಮೊದಲು. ಕಲ್ಲು, ಗೋಡೆ, ಕಿಟಕಿ ಎಲ್ಲಿಗೂ ಹೋಗುವುದಿಲ್ಲ, ನಾಳೆಯೂ ಇರುತ್ತವೆ. ನೆರಳು ಮಾತ್ರ ಕಾಲುತಾಸಿನಲ್ಲಿ ಸರಿದುಬಿಡುತ್ತದೆ. ಆದ್ದರಿಂದ ಕೂತ ಕೂಡಲೇ ಕಣ್ಣು ಅರ್ಧ ಮುಚ್ಚಿ, ಅದು ಯಾವುದರ ನೆರಳು ಎಂದು ಯೋಚಿಸದೆ, ನೆರಳಿನ ಆಕಾರವನ್ನಷ್ಟೇ ಹಿಡಿಯಬೇಕು. ಹಾಳೆಯ ಮೂಲೆಯಲ್ಲಿ ಗಂಟೆ ಬರೆಯಬೇಕು. ಸಂಜೆ ಚಿತ್ರ ತೋರಿಸಿದರೆ ಸರ್ ಮೊದಲು ಕೇಳುತ್ತಿದ್ದದ್ದು, "ಎಷ್ಟು ಗಂಟೆ?" ಆಮೇಲೆಯೇ ಉಳಿದ ಮಾತು.

ಎರಡನೆಯ ನಿಯಮ, ಹಿಂದೆ ತಿರುಗಬಾರದು. ಬೀದಿಯಲ್ಲಿ ಚಿತ್ರ ಬಿಡಿಸುವವರ ಬೆನ್ನ ಹಿಂದೆ ಜನ ನಿಲ್ಲುವುದು ಇದ್ದದ್ದೇ. ತಿರುಗಿ ನೋಡಿದರೆ ಮಾತು ಶುರುವಾಗುತ್ತದೆ, ಬಣ್ಣ ಒಣಗುತ್ತದೆ. ಬೆಳಕಿಗೆ ಅಡ್ಡ ಬಂದರೆ ಮರಾಠಿಯಲ್ಲಿ "ಜರಾ ಬಾಜೂಲಾ" ಅನ್ನಬೇಕು, ಸ್ವಲ್ಪ ಪಕ್ಕಕ್ಕೆ ಎಂದು, ಅಷ್ಟೇ. ಅವರು ಸರಿಯುತ್ತಾರೆ, ನಾವು ಮುಂದುವರಿಸುತ್ತೇವೆ.

ಏಳನೆಯ ದಿನ ನಾನೂ ಸುನಂದಾಳೂ ಊರ ಕೊನೆಯ ವಾಡೆಗೆ ಹೋದೆವು. ದೊಡ್ಡ ಕಲ್ಲುಹಾಸಿನ ಅಂಗಳ. ಅಂಗಳದ ಪಶ್ಚಿಮಕ್ಕೆ ಏಳು ಮೆಟ್ಟಿಲು, ಮೆಟ್ಟಿಲ ಮೇಲೆ ಎತ್ತರದ ಜಗಲಿ, ಜಗಲಿಯ ಮೇಲೆ ಏನೂ ಇಲ್ಲ. ಮನೆ ಯಾವಾಗಲೋ ಬಿದ್ದಿದೆ. ಬದಿಯ ಎರಡು ಕೋಣೆಯಲ್ಲಿ ಒಬ್ಬ ಮುದುಕಿ ಇದ್ದಳು, ಊರಿಗೆಲ್ಲ ಆಜಿ. ಮಗ ಸೊಸೆ ಕೆಲಸಕ್ಕೆಂದು ಬೇರೆ ಊರಲ್ಲಿದ್ದರು. ಸುನಂದಾ ಬಾಗಿಲ ಕಮಾನಿನ ಹತ್ತಿರ ಕೂತಳು, ನಾನು ಮೆಟ್ಟಿಲಿಗೆ ಎದುರಾಗಿ, ಸೂರ್ಯನಿಗೆ ಬೆನ್ನು ಮಾಡಿ ಕೂತೆ. ಗಡಿಯಾರ ನೋಡಿ ಮೂಲೆಯಲ್ಲಿ ೮-೪೦ ಎಂದು ಬರೆದೆ.

ಮೆಟ್ಟಿಲ ಮೇಲೆ ಎಷ್ಟು ಚೆಂದದ ನೆರಳು ಬಿದ್ದಿತ್ತೆಂದರೆ ನನಗೆ ಖುಷಿಯಾಯಿತು. ಬಲಗಡೆಯಿಂದ ದಪ್ಪನೆಯ ಒಂದು ಪಟ್ಟಿ ಬಂದು ಮೂರನೆಯ ಮೆಟ್ಟಿಲಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಕವಲು ನಾಲ್ಕನೆಯ ಮೆಟ್ಟಿಲಲ್ಲೇ ಕಡಿದಂತೆ ನಿಲ್ಲುತ್ತದೆ. ಇನ್ನೊಂದು ಏರುತ್ತ ಏರುತ್ತ ಜಗಲಿಯವರೆಗೆ ಹೋಗುತ್ತದೆ, ಅದರಿಂದ ಉದ್ದುದ್ದ ಸಣ್ಣ ಗೆರೆಗಳು ಇಳಿಬಿದ್ದಿವೆ. ನೀಲಿಗೆ ಚೂರು ಕಂದು ಸೇರಿಸಿ, ಒಂದೊಂದು ಮೆಟ್ಟಿಲ ಅಂಚಿಗೂ ನೆರಳು ಮುರಿಯುವ ಹಾಗೆ ಹಿಡಿದೆ. ಇನ್ನೂ ಬುಡದ ಕಡೆ ಬಂದಿರಲಿಲ್ಲ, ಅಷ್ಟರಲ್ಲಿ ಅದರ ಮೇಲೆ ಇನ್ನೊಂದು ನೆರಳು ಬಿತ್ತು. ಯಾರೋ ಹಿಂದೆ ಬಂದು ನಿಂತಿದ್ದರು. ತಲೆ, ಭುಜ, ಎರಡೂ ಕೈಯಲ್ಲಿ ಎತ್ತಿ ಹಿಡಿದ ಚಪ್ಪಟೆಯ ಏನೋ ಒಂದು. ಯಾರೋ ಹೆಂಗಸು ಮೊರ ಹಿಡಿದು ಬಂದಿದ್ದಾಳೆ ಅಂದುಕೊಂಡೆ. ತಿರುಗದೆ, "ಜರಾ ಬಾಜೂಲಾ" ಅಂದೆ. ನೆರಳು ಕೂಡಲೇ ಎಡಕ್ಕೆ ಸರಿದು ನಿಂತಿತು. ಎಷ್ಟು ಸಲೀಸಾಗಿ ಸರಿದರಲ್ಲ, ಇವರನ್ನೂ ಹಾಕೋಣ ಎಂದು ಎರಡನೆಯ ಮೆಟ್ಟಿಲ ಮೇಲೆ ಆ ಆಕಾರವನ್ನೂ ಹಿಡಿದೆ. ಆಮೇಲೆ ಕಲ್ಲಿನ ಕೆಲಸಕ್ಕೆ ಇಳಿದೆ. ಅವರು ಯಾವಾಗ ಹೋದರು, ನೆರಳು ಯಾವಾಗ ಹೋಯಿತು, ನಾನು ನೋಡಲಿಲ್ಲ.

ಸಂಜೆ ಗೋಡೆಗೆ ಒರಗಿಸಿದಾಗ ನನಗೇ ಹೆಮ್ಮೆ. ಅಷ್ಟು ಒಳ್ಳೆಯ ಚಿತ್ರ ನಾನು ಅದುವರೆಗೆ ಮಾಡಿರಲಿಲ್ಲ. ಸರ್ ಬಂದು ನಿಂತರು. ಗಂಟೆ ಕೇಳಿದರು, ಹೇಳಿದೆ. ಆಮೇಲೆ ಮೆಲ್ಲಗೆ, "ಈ ಮರ ಎಲ್ಲಿ ಅದ ತಂಗಿ?" ಅಂದರು.

ಎಲ್ಲಿ ಅದ ಎಂದು ನಾನೂ ಯೋಚಿಸಿದೆ. ಅಂಗಳಕ್ಕೆ ಹೋದದ್ದು, ಕೂತದ್ದು, ಎದ್ದು ಬಂದದ್ದು ನೆನಪು ಮಾಡಿಕೊಂಡೆ. ಅಲ್ಲಿ ಮರ ಇರಲಿಲ್ಲ. ನನ್ನ ಚಿತ್ರದ ಪಕ್ಕದಲ್ಲೇ ಸುನಂದಾಳ ಚಿತ್ರ ಇತ್ತು, ಅದೇ ಅಂಗಳ, ಅದೇ ಬೆಳಿಗ್ಗೆ. ಬರೀ ಕಲ್ಲುಹಾಸು.

"ಸರ, ತೆಂಗಿನಮರಾ ಬಿಟ್ಟಾಳ್ರಿ," ಅಂದಳು ಸುನಂದಾ. "ಇಷ್ಟರೆ ಸುಧಾರಣಾ ಆಗೇದ."

ಎಲ್ಲರೂ ನಕ್ಕರು. ಅಪ್ಪನಿಗೆ ಸಿಗಬೇಕಿದ್ದ ಕಾಗದ ಅಲ್ಲೇ ಹರಿದುಹೋದಂತೆ ಅನ್ನಿಸಿತು. "ಕಂಡೀನ್ರಿ ಸರ. ಖರೇನ ಕಂಡೀನಿ," ಅಂದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಸರ್ ಮರುದಿನ ಬೆಳಿಗ್ಗೆ ಚಿತ್ರ ತೆಗೆದುಕೊಂಡು ತಮ್ಮ ಜೊತೆ ಬರಲು ಹೇಳಿದರು.

ಎಂಟೂ ಇಪ್ಪತ್ತಕ್ಕೇ ಹೋಗಿ ಕೂತೆವು. ಎಂಟೂ ನಲವತ್ತು ಆಯಿತು, ಒಂಬತ್ತು ಆಯಿತು. ಮೆಟ್ಟಿಲುಗಳು ತೊಳೆದಿಟ್ಟ ಹಾಗೆ ಬಿಸಿಲಲ್ಲಿ ಬೆಳ್ಳಗೆ ಬಿದ್ದಿದ್ದವು. ನಾನು ತಲೆ ಎತ್ತಲಿಲ್ಲ. ಸರ್ ಮಾತ್ರ ಒಂದು ಕೆಲಸ ಮಾಡುತ್ತಿದ್ದರು. ಕೈಯಲ್ಲಿದ್ದ ಕೋಲನ್ನು ನಾನು ಕೂತಿದ್ದ ಜಾಗದ ಹಿಂದೆ, ಬಲಕ್ಕೆ, ಅಲ್ಲಿ ಇಲ್ಲಿ ನಿಲ್ಲಿಸಿ ಅದರ ನೆರಳು ಮೆಟ್ಟಿಲು ಏರುವುದನ್ನು ನನ್ನ ಚಿತ್ರದ ಜೊತೆ ಹೋಲಿಸುತ್ತಿದ್ದರು. ಒಂದು ಕಡೆ ನಿಲ್ಲಿಸಿದ ಮೇಲೆ ಕೋಲನ್ನು ಅಲ್ಲಿಂದ ಕದಲಿಸಲಿಲ್ಲ, ಚಿತ್ರದ ಪಟ್ಟಿಯನ್ನೂ ಕೋಲಿನ ನೆರಳನ್ನೂ ಮತ್ತೆ ಮತ್ತೆ ನೋಡಿದರು.

ಅಷ್ಟರಲ್ಲಿ ಆಜಿ ಹೊರಗೆ ಬಂದಳು. ಅವಳು ಮಾತಾಡಿದ್ದು ಮರಾಠಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸರ್ ಚಿತ್ರ ತೋರಿಸಿ, ಇಲ್ಲಿ ಮುಂಚೆ ಮರ ಇತ್ತೇ ಎಂದು ಕೇಳಿದರು. ಆಜಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕಳು.

"ಅಯ್ಯ ತಾಯಿ, ಇದು ನುಗ್ಗೆ. ಈ ಜೋತಾಡೋದು ನುಗ್ಗೆಕಾಯಿ. ನಾನು ಸೊಸೆಯಾಗಿ ಬಂದಾಗಿಂದ ಇಲ್ಲಿ ಕಲ್ಲೇ ಇರೋದು. ನನ್ನ ಅತ್ತೆ ಬಂದಾಗಲೂ ಕಲ್ಲೇ. ಮನೆ ಎದುರಿಗೆ ನುಗ್ಗೆ ಹಾಕ್ತಾರೇನೇ ಹುಚ್ಚಿ, ಗಾಳಿ ಬಂದರೆ ಟೊಂಗೆ ತಲೆ ಮೇಲೆ."

ನಿನ್ನೆ ಬೆಳಿಗ್ಗೆ ಮೊರ ಹಿಡಿದು ಬಂದವರು ಯಾರು ಎಂದು ನಾನು ಕೇಳಿದೆ.

"ಯಾರೂ ಬಂದಿಲ್ಲ. ನಾನೊಬ್ಬಳೇ ಇದ್ದೆ, ಒಲೆ ಮುಂದೆ. ನಿಮ್ಮಿಬ್ಬರನ್ನೂ ಬಾಗಿಲಿಂದ ನೋಡ್ತಾನೇ ಇದ್ದೆ." ಆಜಿ ಇನ್ನೊಮ್ಮೆ ಚಿತ್ರ ನೋಡಿದಳು. "ಆದರೆ ನೆರಳು ಚೆನ್ನಾಗಿದೆ. ಇಲ್ಲಿ ಇಷ್ಟು ನೆರಳಿದ್ದರೆ ಕೂತು ಕಾಳು ಹಸನು ಮಾಡಬಹುದಿತ್ತು."

ಹಿಂದಿರುಗುವಾಗ ದಾರಿಯಲ್ಲಿ ಸರ್ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಮನಸಿನ್ಯಾಗ ಹುಟ್ಟಿದ ನೆರಳು ಹಿಂಗ ಮೆಟ್ಟಲಾ ಏರೂದಿಲ್ಲ ತಂಗಿ. ಇಪ್ಪತ್ತು ವರ್ಷ ಕಲಸೀನಿ, ನೋಡದ ಇದನ್ನ ಬಿಡಸಾಕ ನನಗೂ ಬರೂದಿಲ್ಲ. ಎಲ್ಲಾ ಸರಿ ಅದ. ಮರಾ ಒಂದ ಇಲ್ಲ."

ಶಿಬಿರ ಮುಗಿದ ದಿನ ಕಾಗದ ಕೊಟ್ಟರು. "ಈ ಹುಡುಗಿ ಕಂಡದ್ದನ್ನೇ ಬಿಡಿಸುತ್ತಾಳೆ. ಮುಂದೆ ಓದಿಸಿರಿ." ಅಷ್ಟೇ. ಅಪ್ಪ ಎರಡು ಸಲ ಓದಿ, "ಕಣ್ಣು ಅದ ಅಂತ ಎಲ್ಲಿ ಬರದಾರ?" ಅಂದರು. ಅವ್ವ ರೊಟ್ಟಿ ಬಡಿಯುತ್ತ, "ಕಂಡದ್ದು ಅಂದ್ರ ಕಣ್ಣು ಇದ್ದಂಗ ಆತಲ್ಲರೀ" ಅಂದಳು. ಡಿಪ್ಲೊಮಾ ಸೇರಿದೆ.

ಆದರೆ ಆ ಕಾಗದ ನನ್ನನ್ನು ಕೊರೆಯುತ್ತಲೇ ಇತ್ತು. ಸರ್ ನಿಜವಾಗಿ ನಂಬಿ ಬರೆದರೇ, ಬಡ ಗುಮಾಸ್ತನ ಮಗಳು ಹಾಳಾಗದಿರಲಿ ಎಂದು ಬರೆದರೇ? ಸುಳ್ಳು ಯಾಕೆ ಬರೆಯಲಿ ಎಂದು ಮೊದಲೇ ಹೇಳಿದವರು ಅವರು. ನಾನು ಕಂಡಿರಲಿಲ್ಲವಾದರೆ ನನ್ನ ಓದು, ಆಮೇಲೆ ವಿಮಾನ ನಗರದಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುವ ನನ್ನ ಕೆಲಸ, ಎಲ್ಲ ಒಂದು ತೆಂಗಿನ ಮರದ ಮೇಲೆ ನಿಂತ ಹಾಗೆ. ಈ ಅನುಮಾನವನ್ನು ಯಾರಿಗೂ ಹೇಳಲಿಲ್ಲ. ಚಿತ್ರವನ್ನು ರಟ್ಟಿಗೆ ಅಂಟಿಸಿ ಬೀರುವಿನ ಹಿಂದೆ ಇಟ್ಟುಬಿಟ್ಟೆ.

ಎಂಟು ವರ್ಷ ಕಳೆದ ಮೇಲೆ ಒಂದು ಮೇ ತಿಂಗಳಲ್ಲಿ ಸುನಂದಾಳ ಫೋನ್ ಬಂತು. ಗಂಡನ ಜೊತೆ ಕೋಟೆ ನೋಡಲು ಹೋಗಿದ್ದಳಂತೆ. "ತೆಂಗವ್ವ, ನಿನ್ನ ಮರಾ ಬಂದದ ನೋಡು. ಆಜಿ ಅಂಗಳದಾಗ." ಚೇಷ್ಟೆ ಎಂದುಕೊಂಡೆ. ಅವಳು ನಗಲಿಲ್ಲ.

ಮರುದಿನವೇ ಸ್ವಾರಗೇಟಿನಿಂದ ಮೊದಲ ಬಸ್ಸು ಹಿಡಿದೆ, ರಟ್ಟು ಕಂಕುಳಲ್ಲಿ. ಆಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಮಗ ಸೊಸೆ ಊರಿಗೆ ಮರಳಿ ಅಲ್ಲೇ ಇದ್ದರು. ಅಂಗಳದಲ್ಲಿ ಎರಡು ಕಲ್ಲು ಕಿತ್ತ ಜಾಗದಲ್ಲಿ ನುಗ್ಗೆ ಮರ ನಿಂತಿತ್ತು. ಸೊಸೆ ಹೇಳಿದಳು: ನಿಮ್ಮ ಶಿಬಿರ ಮುಗಿದ ವರ್ಷವೇ ಅತ್ತೆ ಹಟ ಹಿಡಿದು ಕಲ್ಲು ಕೀಳಿಸಿ ಟೊಂಗೆ ನೆಟ್ಟರಂತೆ, ಊರವರು ಬೇಡ ಅಂದರೂ ಕೇಳಲಿಲ್ಲವಂತೆ, "ಚಿತ್ರದಲ್ಲಿ ನೋಡಿದೀನಿ, ನೆರಳು ಚೆನ್ನಾಗಿ ಬೀಳುತ್ತೆ" ಅಂದರಂತೆ.

ನನಗೆ ಹಗುರವಾಯಿತು. ಕೊನೆಗೂ ಕಾರಣ ಸಿಕ್ಕಿತ್ತು. ಚಿತ್ರದಿಂದ ಮರ ಬಂದಿದೆ, ಮರದಿಂದ ಚಿತ್ರವಲ್ಲ. ಆಮೇಲೆ ಮೆಟ್ಟಿಲ ಕಡೆ ನೋಡಿದೆ. ದಪ್ಪ ಪಟ್ಟಿ ಮೂರನೆಯ ಮೆಟ್ಟಿಲಲ್ಲಿ ಎರಡಾಗಿತ್ತು. ಒಂದು ಕವಲು ನಾಲ್ಕನೆಯದರಲ್ಲಿ ಕಡಿದಂತೆ ನಿಂತಿತ್ತು. ಆ ಟೊಂಗೆ ಯಾವಾಗ ಮುರಿಯಿತು ಎಂದು ಸೊಸೆಯನ್ನು ಕೇಳಿದೆ. "ಈ ಸಲದ ಗಾಳಿಗೆ, ಹದಿನೈದು ದಿನ ಆಯ್ತು," ಅಂದಳು. ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮರದಲ್ಲಿ ಕಾಯಿ ಹೆಚ್ಚಿದ್ದವು, ಚಿತ್ರದಲ್ಲಿ ಏಳೇ ಇವೆ. ಎಲೆಯ ನೆರಳನ್ನು ನಾನು ಬಿಟ್ಟಿರಬಹುದು, ಕಾಯಿಯನ್ನೂ. ಕವಲು ಬಿಟ್ಟಿರಲಿಲ್ಲ.

ಸೊಸೆ ಚಹಾ ಮಾಡಲು ಒಳಗೆ ಹೋದಳು. ಸರಿಯಾಗಿ ಹೋಲಿಸೋಣ ಎಂದು ನಾನು ಆವತ್ತು ಕೂತಿದ್ದ ಜಾಗದ ಎರಡು ಹೆಜ್ಜೆ ಹಿಂದೆ ನಿಂತು, ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಎದುರು ಹಿಡಿದೆ. ಚಿತ್ರ ನೋಡಿದೆ, ರಟ್ಟಿನ ಅಂಚಿನಿಂದ ಮೆಟ್ಟಿಲು ನೋಡಿದೆ. ಮರದ ನೆರಳಿನ ಬುಡದ ಮೇಲೆ ಇನ್ನೊಂದು ನೆರಳು ಬಿದ್ದಿತ್ತು. ತಲೆ, ಭುಜ, ಎತ್ತಿ ಹಿಡಿದ ಚಪ್ಪಟೆಯ ಒಂದು ವಸ್ತು.

ಅದು ಮೊರ ಆಗಿರಲಿಲ್ಲ.

ನನ್ನ ಮುಂದೆ ಕಲ್ಲುಹಾಸಿನ ಮೇಲೆ ಯಾರೂ ಕೂತಿರಲಿಲ್ಲ. ಯಾರೂ ಏನೂ ಹೇಳಲಿಲ್ಲ, ಏನೂ ಕೇಳಿಸಲಿಲ್ಲ. ಇದನ್ನು ಖಂಡಿತವಾಗಿ ಹೇಳಬಲ್ಲೆ. ಆದರೂ ನಾನು ಎಡಕ್ಕೆ ಒಂದು ಹೆಜ್ಜೆ ಸರಿದು ನಿಂತೆ. ನೆರಳು ಎರಡನೆಯ ಮೆಟ್ಟಿಲ ಮೇಲೆ, ಚಿತ್ರದಲ್ಲಿ ಇರುವಲ್ಲೇ ಹೋಗಿ ನಿಂತಿತು. ಯಾಕೆ ಸರಿದೆ ಎಂದು ನೀವು ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಒಂದೇ. ಅಲ್ಲಿ ಕೂತಿರಬೇಕಾದವಳಿಗೆ ಅಂದು ಆ ಚಿತ್ರ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಿತ್ತು. ಅವಳ ಬೆಳಕಿಗೆ ಅಡ್ಡ ನಿಲ್ಲಲು ಮನಸ್ಸಾಗಲಿಲ್ಲ.

ಊರ ಬಸ್ ನಿಲ್ದಾಣದಿಂದಲೇ ಸರ್‌ಗೆ ಫೋನ್ ಮಾಡಿದೆ. ಮರ ಇದೆ, ನೆರಳು ಹಾಗೇ ಬೀಳುತ್ತದೆ ಎಂದು ಹೇಳಿದೆ. ಅವರಿಗೆ ಆಗ ಅರವತ್ತರ ಹತ್ತಿರ. "ನಾ ಸುಳ್ಳ ಬರದಿಲ್ಲ ಅಂತ ಈಗರೆ ಸಮಾಧಾನ ಆತೇನು?" ಅಂದರು. ಇಷ್ಟು ವರ್ಷ ನನ್ನ ಅನುಮಾನ ಅವರಿಗೆ ಗೊತ್ತಿತ್ತು ಎಂದಾಯಿತು. ಆಮೇಲೆ ಕೇಳಿದರು, "ಮತ್ತ ಆ ಮೊರಾ ಹಿಡಕೊಂಡು ನಿಂತಾಕಿ? ಯಾರಂತ ಗೊತ್ತಾತೇನು?"

"ಇಲ್ರಿ ಸರ," ಅಂದೆ.

ಬಸ್ಸು ಬಂತು, ಮಾತು ಮುಗಿಯಿತು. ಕಂಡದ್ದನ್ನೇ ಬಿಡಿಸುತ್ತಾಳೆ ಎಂದು ಬರೆದುಕೊಟ್ಟವರಿಗೆ ಕಂಡದ್ದನ್ನು ಹೇಳಲಿಲ್ಲ ನಾನು. ಅದಾಗಿ ಎರಡು ಬೇಸಿಗೆ ಕಳೆದರೂ ಇದಕ್ಕೆ ತಲೆ ಬುಡ ಸಿಕ್ಕಿಲ್ಲ, ಸಿಗುವ ಲಕ್ಷಣವೂ ಇಲ್ಲ. ಹೇಳದೆ ಉಳಿದದ್ದನ್ನಾದರೂ ಬರೆದು ಮುಗಿಸೋಣ ಎಂದು ಇವತ್ತು ಕೂತೆ. ಸರ್ ಇದನ್ನು ಓದುತ್ತಾರೆ, ಓದಿದ ಕೂಡಲೇ ಫೋನ್ ಮಾಡುತ್ತಾರೆ. ಅವರು ಮೊದಲು ಏನು ಕೇಳುತ್ತಾರೆ ಎಂದು ನನಗೆ ಗೊತ್ತು.

ಎಂಟೂ ನಲವತ್ತು ಆಗಿತ್ತು, ಸರ. ಗಡಿಯಾರ ನೋಡೇ ಸರಿದು ನಿಂತೆ.